ಗೆರೆ ಮುಟ್ಟದ ಚೌಕ

ಕಂಪನಿಯ ಬಸ್ಸು ಪುಣೆಯ ವಾಕಡದ ಸೇತುವೆಯ ಬಳಿ ನಿಂತಿತು. ಅಲ್ಲಿ ನಿಂತ ಬಸ್ಸು ಇನ್ನು ತನ್ನ ಮನಸ್ಸಿಗೆ ಬಂದಾಗ ಹೊರಡುತ್ತದೆ ಎಂಬುದು ಹಿಂಜವಾಡಿಗೆ ದಿನಾ ಹೋಗಿಬರುವವರಿಗೆಲ್ಲ ಗೊತ್ತಿದ್ದ ಮಾತು. ಅಭಿಲಾಷ ಕಿಟಕಿಗೆ ತಲೆಯಾನಿಸಿ ಮೊಬೈಲಿನಲ್ಲಿ ತನ್ನ ಚಿತ್ರವನ್ನು ನೋಡುತ್ತಿದ್ದ. ತನ್ನ ಚಿತ್ರವೆಂದರೆ ಮುಖದ್ದಲ್ಲ, ತಾನು ಬರೆದ ಪ್ರೋಗ್ರಾಂ ಬಿಡಿಸಿದ್ದು. ತಂಡದ ಒಬ್ಬೊಬ್ಬರಿಗೂ ಒಂದು ಚೌಕ, ಚೌಕದೊಳಗೆ ಹೆಸರು. ಕೆಲಸದಲ್ಲಿ ಯಾರು ಯಾರಿಗೆ ನೆರವಾದರೋ ಅವರಿಂದ ಇವರಿಗೆ ಬಾಣದ ಗೆರೆ. ನೆರವು ಹೆಚ್ಚಿದಷ್ಟೂ ಗೆರೆ ದಪ್ಪ. ಕಚೇರಿಯ ಚಾಟ್ ಗುಂಪಿನಲ್ಲಿ ಈಚಿನ ಒಂದು ವರ್ಷ ಜನ ಒಬ್ಬರಿಗೊಬ್ಬರು ಬರೆದುಕೊಂಡ ಸಂದೇಶಗಳನ್ನೆಲ್ಲ ಓದಿ ಪ್ರೋಗ್ರಾಂ ಈ ಗೆರೆಗಳನ್ನು ತಾನೇ ಎಳೆಯುತ್ತಿತ್ತು. ಕೊಡುವವರು ಮೇಲೆ, ಪಡೆಯುವವರು ಕೆಳಗೆ. ಎಲ್ಲರಿಗಿಂತ ಮೇಲೆ, ನಟ್ಟನಡುವೆ, ಅಭಿಲಾಷನ ಚೌಕವಿತ್ತು. ಅದರಿಂದ ಗೆರೆಗಳು ಆಲದ ಬಿಳಲುಗಳಂತೆ ಇಳಿದು ಕೆಳಗಿನವರನ್ನೆಲ್ಲ ಹಿಡಿದುಕೊಂಡಿದ್ದವು. ಅವನ ಚೌಕಕ್ಕೆ ಮೇಲಿನಿಂದ ಬಂದ ಗೆರೆ ಒಂದೂ ಇರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಮೊದಲ ಸಲ ಇದನ್ನು ಗಮನಿಸಿದಾಗ ಎದೆಯಲ್ಲಿ ಏನೋ ಹಿಗ್ಗಿದಂತಾಗಿ, ಆ ಹಿಗ್ಗು ಇನ್ನೂ ಪೂರ್ತಿ ಹರಡುವುದರೊಳಗೆ, ತಂಡದಲ್ಲಿದ್ದೂ ಚಿತ್ರದಲ್ಲಿ ಇಲ್ಲದ ಹೆಸರು ಯಾವುದೆಂದು ಹೊಳೆದಿತ್ತು. ಇಲ್ಲದ ಹೆಸರಿನವನು ಈಗ ಪಕ್ಕದ ಸೀಟಿನಲ್ಲಿ, ಮೊಣಕಾಲನ್ನು ಅವನ ಮೊಣಕಾಲಿಗೆ ಒತ್ತಿಕೊಂಡು, ಹುರಿದ ಕಡಲೆಕಾಯಿ ಸುಲಿಯುತ್ತ ಕೂತಿದ್ದ.

ಮುನಿಸ್ವಾಮಿಗೆ ಐವತ್ತು ದಾಟಿತ್ತು. ಕೋಲಾರದ ಕಡೆಯವನು. ಪುಣೆಗೆ ಬಂದು ಎಷ್ಟೋ ಕಾಲವಾದರೂ ಮರಾಠಿಯನ್ನು ಬೈಯುವುದಕ್ಕೆ ಬೇಕಾದಷ್ಟು ಮಾತ್ರ ಕಲಿತಿದ್ದ. ಬೇರೆಯವರ ಡಬ್ಬಿಯ ಮುಚ್ಚಳವನ್ನು ಕೇಳದೆ ತೆಗೆಯುವ, ಬೇರೆಯವರ ಕೀಬೋರ್ಡಿನ ಮೇಲೆ ಕೇಳದೆ ಕೈಯಿಡುವ ಅಭ್ಯಾಸ. ಸಿಪ್ಪೆಯ ಚೂರೊಂದು ಅಭಿಲಾಷನ ಪ್ಯಾಂಟಿನ ಮೇಲೆ ಬಿತ್ತು. ಕೊಡವಿಕೊಳ್ಳುವುದೋ ಬೇಡವೋ ಎಂದು ಅವನು ಯೋಚಿಸುವಷ್ಟರಲ್ಲಿ ಆ ದೊಡ್ಡ ತಲೆ ಮೊಬೈಲಿನ ಮೇಲೆ ಬಾಗಿತು.

"ಏನಪ್ಪಾ ಅಭಿ, ಜಗಳ ಆಡಿರೋ ಅಣ್ತಮ್ಮಂದಿರ ಜಮೀನ್ ನಕ್ಷೆ ಇದ್ದಂಗಿದೆ. ನಾನೆಲ್ಲಿದೀನಿ ಇದ್ರಲ್ಲಿ?"

"ಕೆಳಗೆಲ್ಲೋ ಇರ್ತೀರ ಮುನಿಯಣ್ಣ. ಸ್ಕ್ರೀನ್ ಚಿಕ್ಕದಲ್ವಾ."

"ಕೆಳಗೇ ಇರ್ಲಿ ಬಿಡು. ಇದೀನಿ ತಾನೆ?"

"ಇದೀರ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅಭಿಲಾಷನಿಗೆ ಅದು ಸುಳ್ಳೆಂದು ತಿಳಿದದ್ದೇ ಬಾಯಿ ಮುಚ್ಚಿದ ಮೇಲೆ. ಮುನಿಸ್ವಾಮಿ ಇನ್ನೊಂದು ಕಾಯಿ ಬಿಡಿಸಿ, ಬೀಜವನ್ನು ತಾನು ತಿನ್ನದೆ ಅವನ ಅಂಗೈಯಲ್ಲಿಟ್ಟ. ಇದನ್ನು ಸಹಿಸುವುದು ಅಭಿಲಾಷನಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು: ಕೇಳದೆ ಕೊಡುವುದು, ಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುವವರೆಗೂ ನೋಡುತ್ತಿರುವುದು. ಅಭಿಲಾಷ ಮೊದಲ ಸಲ ಪುಣೆಗೆ ಬಂದಿಳಿದಾಗ ಮುನಿಸ್ವಾಮಿ ಸ್ಟೇಷನ್ನಿನಲ್ಲಿ ಕಾದು ನಿಂತು, ವಿಮಾನ ನಗರದಲ್ಲಿ ಕೋಣೆ ಕೊಡಿಸಿ, ಕ್ಯಾಂಪ್ ಬಡಾವಣೆಯಲ್ಲಿ ಅನ್ನ ಸಾರು ಸಿಗುವ ಹೋಟೆಲು ತೋರಿಸಿ, ಅಲ್ಲಿಯೂ ಹೀಗೆಯೇ ತನ್ನ ಎಲೆಯ ಹಪ್ಪಳವನ್ನು ಇವನ ಎಲೆಗೆ ಹಾಕಿ ಇವನು ಮುರಿಯುವವರೆಗೂ ನೋಡುತ್ತ ಕೂತಿದ್ದ. ಮಾಲೀಕ ಲೋಕನಾಥ ಶೆಟ್ಟರು ಗಲ್ಲಾದಿಂದಲೇ "ನಿಮ್ಮ ಮಗನಾ?" ಎಂದು ಕೇಳಿದ್ದರು. "ಮಗ ಅಲ್ಲ, ಅದಕ್ಕಿಂತ ಬಡ್ಡಿ ಜಾಸ್ತಿ," ಎಂದು ಮುನಿಸ್ವಾಮಿ ನಕ್ಕಿದ್ದ. ಇಡೀ ಹೋಟೆಲು ನಕ್ಕಿತ್ತು. ಅಭಿಲಾಷ ಬೀಜವನ್ನು ಬಾಯಿಗೆ ಹಾಕಿಕೊಂಡು ಅಗಿದ. ಬಸ್ಸು ಅಲುಗಲಿಲ್ಲ.

"ನಮ್ಮಜ್ಜಿ ಕಾಮಾಕ್ಷಮ್ಮ ಒಂದು ಕತೆ ಹೇಳೋಳು," ಎಂದು ಮುನಿಸ್ವಾಮಿ ತೊಡಗಿದ.

ಕತೆಯನ್ನು ಅಭಿಲಾಷ ಹಲವು ಸಲ ಕೇಳಿದ್ದ. ಕೊನೆಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಪ್ರತಿ ಸಲವೂ ಅದು ಬೇರೆ ಊರಿನಲ್ಲಿ ನಡೆಯುತ್ತಿತ್ತು. ಮುದುಕಿ ಒಮ್ಮೆ ಕುಂಬಾರರವಳು, ಒಮ್ಮೆ ಗಂಡ ಬಿಟ್ಟವಳು, ಒಮ್ಮೆ ಬರೀ ಮುದುಕಿ. ಬದಲಾಗದೆ ಉಳಿಯುತ್ತಿದ್ದದ್ದು ಇಷ್ಟು: ಊರಿಗೆಲ್ಲ ಒಲೆ ಹೊತ್ತಿಸಲು ಬೆಂಕಿ ಆ ಮುದುಕಿಯ ಒಲೆಯಿಂದ. ಬೆಳಗಾದರೆ ಹೆಂಗಸರೆಲ್ಲ ಒಡೆದ ಮಡಕೆಯ ಬೋಕಿ ಹಿಡಿದು ಬಂದು ಕೆಂಡ ಒಯ್ಯುತ್ತಿದ್ದರು. ಒಂದು ದಿನ ಊರ ಗೌಡನಿಗೆ ಯಾರು ಯಾರಿಗೆ ಬೇಕಾದವರೆಂದು ತಿಳಿಯುವ ಮನಸ್ಸಾಯಿತು. ಚಾವಡಿಯಲ್ಲಿ ಎಲ್ಲರನ್ನೂ ಕೂಡಿಸಿ ಕೇಳಿದ: ನಿನ್ನ ಮನೆಗೆ ಯಾರು ಬರುತ್ತಾರೆ, ನೀನು ಯಾರ ಮನೆಗೆ ಹೋಗುತ್ತೀಯೆ? ಮುದುಕಿ ಯಾರ ಮನೆಗೂ ಹೋಗುವವಳಲ್ಲ. ಕೆಂಡ ಒಯ್ದವರಿಗೆ ಕೆಂಡವೂ ಒಂದು ವಸ್ತು ಎಂದು ನೆನಪಿಗೆ ಬರಲಿಲ್ಲ. ಅದು ಬೆಳಗಾಗುವುದರ ಒಂದು ಭಾಗವೆಂದೇ ಅವರು ತಿಳಿದಿದ್ದರು. ಹಾಗಾದರೆ ಈ ಮುದುಕಿಗೂ ಊರಿಗೂ ಏನು ಸಂಬಂಧ ಎಂದ ಗೌಡ.

"ಆಮೇಲೇನಾಯ್ತು ಗೊತ್ತಾ..." ಎನ್ನುವಾಗ ಬಸ್ಸು ಜಗ್ಗಿ ಹೊರಟಿತು, ಕಡಲೆಕಾಯಿಯ ಪೊಟ್ಟಣ ಜಾರಿತು, ಮುನಿಸ್ವಾಮಿ ಅದನ್ನು ಹಿಡಿಯಲು ಬಗ್ಗಿದ. ಅಭಿಲಾಷ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಅದರಲ್ಲಿ ಏನೂ ಹಾಡುತ್ತಿರಲಿಲ್ಲ.

ಅಂದು ಮಧ್ಯಾಹ್ನ ಸಭೆಯಿತ್ತು. ತಂಡದ ಇಬ್ಬರನ್ನು ಕೆಲಸದಿಂದ ಬಿಡಿಸಬೇಕೆಂದು ಮೇಲಿನಿಂದ ಬಂದ ಮಾತು. ಆ ಇಬ್ಬರು ಯಾರೆಂಬುದನ್ನು ಅಭಿಲಾಷನ ಚಿತ್ರವನ್ನು ಮುಂದಿಟ್ಟುಕೊಂಡು ಮ್ಯಾನೇಜರ್ ಯಶ್ಮಿತಾ ಮತ್ತು ಸಿಬ್ಬಂದಿ ವಿಭಾಗದ ಭುಜಂಗ ತೀರ್ಮಾನಿಸುವವರಿದ್ದರು. "ಹೆಸರಿನ ಪಟ್ಟಿ ಗಿಟ್ಟಿ ಎಂತದೂ ಬೇಡ," ಎಂದಿದ್ದಳು ಯಶ್ಮಿತಾ. "ಪಟ್ಟಿಯಲ್ಲಿ ಎಲ್ಲರೂ ಒಂದೇ ಹಾಗೆ ಕಾಣ್ತಾರೆ ಮಾರಾಯ. ಚಿತ್ರದಲ್ಲಿ ಇದ್ದವರ ಬಗ್ಗೆ ಮಾತ್ರ ಮಾತಾಡುವ." ಆ ಮಾತಿಗೆ ಅಂದು ಅವನು ತಲೆದೂಗಿದ್ದ. ಇಂದು, ಕಚೇರಿಯ ಕುರ್ಚಿಯಲ್ಲಿ ಕೂತು ಚಿತ್ರವನ್ನು ದೊಡ್ಡ ಪರದೆಗೆ ತಂದಾಗ, ಅದೇ ಮಾತು ಇನ್ನೊಂದು ಮಗ್ಗುಲಿಂದ ಕಂಡಿತು. ಚಿತ್ರದಲ್ಲಿ ಇಲ್ಲದವನ ಬಗ್ಗೆ ಮಾತಿಲ್ಲ. ಮಾತಿಲ್ಲದವನನ್ನು ಯಾರೂ ಬಿಡಿಸುವುದಿಲ್ಲ. ಐವತ್ತು ದಾಟಿದ ಮುನಿಸ್ವಾಮಿ ಇಲ್ಲಿಂದ ಹೊರಬಿದ್ದರೆ ಹಿಂಜವಾಡಿಯ ಈ ಗಾಜಿನ ಕಟ್ಟಡಗಳಲ್ಲಿ ಯಾರೂ ಅವನನ್ನು ಕರೆದು ಕೂರಿಸುವುದಿಲ್ಲ. ಆದರೆ ಚಿತ್ರ ಈಗಿರುವಂತೆಯೇ ಇದ್ದರೆ ಅವನು ಹೊರಬೀಳುವುದೂ ಇಲ್ಲ. ಪ್ರೋಗ್ರಾಮಿನ ಒಂದು ತಪ್ಪು ಆ ಮನುಷ್ಯನ ಮೇಲೆ ಕಂಬಳಿ ಹೊದಿಸಿ ಮಲಗಿಸಿಬಿಟ್ಟಿತ್ತು.

ತಪ್ಪು ಎಲ್ಲಿಯದೆಂದು ಅವನಿಗೆ ಹುಡುಕಬೇಕಾಗಿರಲಿಲ್ಲ. ಪ್ರೋಗ್ರಾಂ ಓಡುವುದು ಕ್ಲೌಡಿನಲ್ಲಿ; ಮೋಡವೆಂದು ಕರೆಯುವ ಆ ಬಾಡಿಗೆಯ ಜಾಗ ಪರವೂರಿನ ಛತ್ರವಿದ್ದಂತೆ. ಕೊಡುವುದು ಬರಿಗೋಡೆಯ ಒಂದು ಕೋಣೆ. ಬೇಕಾದ್ದನ್ನೆಲ್ಲ ಗಂಟು ಕಟ್ಟಿಕೊಂಡು ಬರಬೇಕು, ಗಂಟು ದೊಡ್ಡದಾದರೆ ಬಾಗಿಲಲ್ಲೇ ತಡೆಯುತ್ತಾರೆ, ಯಾರೂ ಕರೆಯದಿದ್ದರೆ ದೀಪ ಆರಿಸಿ ಮಲಗಿಸುತ್ತಾರೆ. ಗೆರೆ ಎಳೆಯುವ ಪ್ರೋಗ್ರಾಮಾದರೋ ಒಂಟಿಯಾಗಿ ಬರುವ ಪ್ರಾಣಿಯಲ್ಲ. ಒಬ್ಬನನ್ನು ಮದುವೆಗೆ ಕರೆದರೆ ಅವನ ಷಡ್ಡಕ, ಷಡ್ಡಕನ ಬೀಗರು, ಬೀಗರ ಊರಿನವರು ಹೊರಟು ಬರುವಂತೆ, ಅಕ್ಷರಗಳನ್ನು ಅಳೆಯಲು ಬೇರೆಯವರು ಬರೆದಿಟ್ಟ ಒಂದು ಕೋಡ್ ಲೈಬ್ರರಿ, ಅದಕ್ಕೆ ಇನ್ನೊಂದು, ಬಣ್ಣ ತುಂಬಲು ಮತ್ತೊಂದು ಎಂದು ದಿಬ್ಬಣವೇ ಬರುತ್ತಿತ್ತು. ಅಭಿಲಾಷ ಅವನ್ನು ಹಿಂದೆ ಒಂದೊಂದಾಗಿ ಕಿತ್ತಿದ್ದ. ಕೊನೆಗೆ ಕೀಳಲಾಗದೆ ಕೂತಿದ್ದಾಗ ಮುನಿಸ್ವಾಮಿ ಕುರ್ಚಿಯನ್ನು ಗರಗರ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತು, ಇವನ ಡಬ್ಬಿಯಿಂದ ಚಪಾತಿಯ ತುದಿ ಮುರಿದುಕೊಂಡು, "ಚಿತ್ರ ನೀನ್ಯಾಕಪ್ಪ ಬರೀತೀಯ? ಚೌಕ ಎಲ್ಲಿರ್ಬೇಕು, ಗೆರೆ ಎಲ್ಲಿಂದ ಎಲ್ಲಿಗೆ, ಅಷ್ಟು ಬಾಯಲ್ಲಿ ಹೇಳಿ ಕಳ್ಸು. ಬರೆಯೋದು ನೋಡೋರ ಬ್ರೌಸರ್ ಬರ್ಕೊಳ್ಳುತ್ತೆ. ನಿಂಗೆ ಬಣ್ಣನೂ ಬೇಡ, ಕುಂಚನೂ ಬೇಡ," ಎಂದಿದ್ದ. ಒಂದೇ ಮಾತಿಗೆ ಅರ್ಧ ದಿಬ್ಬಣ ಹಿಂದಿರುಗಿತ್ತು. ಗಂಟು ಅಂಗೈಯಗಲವಾಗಿತ್ತು. ಇಷ್ಟು ಹಗುರವಾದ, ಬೇರೆ ಯಾವುದರ ಹಂಗೂ ಇಲ್ಲದ ಪ್ರೋಗ್ರಾಂ ಈ ಕಂಪನಿಯಲ್ಲಿ ಇನ್ನೊಂದಿಲ್ಲವೆಂದು ಯಶ್ಮಿತಾ ಎಲ್ಲರೆದುರು ಹೊಗಳಿದಾಗ ಮುನಿಸ್ವಾಮಿ ಹಿಂದಿನ ಸಾಲಿನಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದ್ದ. ಆ ಚಪ್ಪಾಳೆಯ ಜೋರಿನಲ್ಲಿ ಏನೋ ಇದೆ ಎಂದು ಅಭಿಲಾಷನಿಗೆ ಅಂದು ನಿದ್ದೆ ಬಂದಿರಲಿಲ್ಲ. ಮರುದಿನವೇ, ಯಾರನ್ನೂ ಕೇಳದೆ, ತನ್ನದೇ ಆದ ಒಂದಾದರೂ ಇರಲೆಂದು, ಇನ್ನೊಂದು ಭಾಗವನ್ನು ಕಿತ್ತೆಸೆದಿದ್ದ. ಒಂದಕ್ಕೊಂದು ಸೇರದ ಬಿಡಿ ಚೌಕಗಳು ಉಳಿದರೆ ಅವನ್ನೂ ಹಾಳೆಯ ಮೇಲೆ ಪಕ್ಕಕ್ಕಿಡುವ ಭಾಗ ಅದು. ಅವನು ಪರೀಕ್ಷಿಸಿ ನೋಡಿದ ಚಿತ್ರಗಳಲ್ಲಿ ಬಿಡಿ ಚೌಕಗಳೇ ಇರಲಿಲ್ಲ. ಅದಿಲ್ಲದೆ ಪ್ರೋಗ್ರಾಂ ಒಟ್ಟಿಗೆ ಹೆಣೆದುಕೊಂಡ ದೊಡ್ಡ ಗುಂಪನ್ನಷ್ಟೇ ಬರೆದು, ಗುಂಪಿಗೆ ಒಂದು ಗೆರೆಯಿಂದಲೂ ಅಂಟದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು.

ಆದರೆ ಮುನಿಸ್ವಾಮಿಗೆ ಒಂದು ಗೆರೆಯೂ ಏಕಿಲ್ಲ? ಅದೂ ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಗುಂಪಿನಲ್ಲಿ ಇವರಿಬ್ಬರೂ ಕೆಲಸದ ಮಾತನ್ನೇ ಕನ್ನಡದಲ್ಲಿ ಬರೆದುಕೊಂಡದ್ದಕ್ಕೆ, ಎಲ್ಲರೂ ಇರುವ ಕಡೆ ಗುಟ್ಟು ಮಾಡುತ್ತಾರೆಂದು ಯಾರೋ ದೂರು ಕೊಟ್ಟಿದ್ದರು. ಯಶ್ಮಿತಾ ಇಬ್ಬರನ್ನೂ ಕರೆಸಿದ್ದಳು. ಅವಳೂ ಕನ್ನಡದವಳೇ, ಕರಾವಳಿಯ ಕಡೆಯ ಹೋಟೆಲು ಮನೆತನ, ಹುಟ್ಟಿ ಬೆಳೆದದ್ದು ಕ್ಯಾಂಪಿನಲ್ಲಿ. ಅದಕ್ಕೇ ಅವಳ ದನಿ ಅಂದು ಇನ್ನಷ್ಟು ತೆಳ್ಳಗಿತ್ತು. "ಬಾಯಲ್ಲಿ ಎಂತ ಬೇಕಾದ್ರೂ ಮಾತಾಡಿ, ಬರೀಬೇಡಿ. ನನ್ನ ಹೆಸರೂ ಹಾಳಾಗ್ತದೆ." ಆಗ ಮುನಿಸ್ವಾಮಿ, "ಆಯ್ತಮ್ಮ, ಬರೆಯಲ್ಲ. ಬಾಯಿದೆಯಲ್ಲ," ಎಂದು ಹೊರಬಂದವನು ಅಂದಿನಿಂದ ಯಾವ ಭಾಷೆಯಲ್ಲಿಯೂ ಒಂದಕ್ಷರ ಬರೆಯಲಿಲ್ಲ. ಹಟವೋ ಅವಮಾನವೋ ಅಭಿಲಾಷ ಕೇಳಲಿಲ್ಲ. ಏನಿದ್ದರೂ ಕುರ್ಚಿ ಎಳೆದುಕೊಂಡು ಬಂದು ಕೂತು ಬಾಯಲ್ಲೇ ಹೇಳುತ್ತಿದ್ದ. ಹೇಳಿದ್ದನ್ನು ಅಭಿಲಾಷ ಇಂಗ್ಲಿಷಿನಲ್ಲಿ ಬರೆದು ಗುಂಪಿಗೆ ಹಾಕುತ್ತಿದ್ದ. ಉಳಿದವರು ಅಭಿಲಾಷನಿಗೆ ಕೃತಜ್ಞತೆ ಬರೆಯುತ್ತಿದ್ದರು. ಆ ಬಿಳಲುಗಳೆಲ್ಲ ಹೀಗೆ ಬೆಳೆದವು.

"ನನ್ನ ಚೌಕ ಎಷ್ಟು ದೊಡ್ಡದುಂಟು ಹೇಳಿ," ಎಂದಳು ಹಿಂದಿನಿಂದ ತೃಪ್ತಿ. ತಂಡಕ್ಕೆ ಕೊನೆಯದಾಗಿ ಸೇರಿದವಳು, ಉಡುಪಿಯ ಕಡೆಯವರ ಮಗಳು. ಕಚೇರಿಯಲ್ಲಿ ಸದಾ ಮರಾಠಿ, ಹತ್ತಿರ ಯಾರೂ ಇಲ್ಲದಿದ್ದರೆ ಮಾತ್ರ ಕನ್ನಡ. ಅಭಿಲಾಷ ಪರದೆಯ ಮೇಲಿನ ಚಿತ್ರವನ್ನು ಮುಚ್ಚಿದ. "ನೋಡ್ಬಾರ್ದು ಅದು." "ಹಾಗಾದ್ರೆ ಸಣ್ಣದು," ಎಂದು ಅವಳು ನಕ್ಕಳು, ನಕ್ಕ ಮೇಲೆ ಹೋಗದೆ ನಿಂತಳು. "ಮುನಿಸ್ವಾಮಿ ಸರ್‌ಗೆ ಹೆದರಿಕೆ ಇಲ್ಲ ಅಲ್ವಾ. ಅವರು ಬೆಳಿಗ್ಗೆಯಿಂದ ಪ್ಯಾಂಟ್ರಿಯಲ್ಲಿ ಎಲ್ಲರಿಗೂ ಹೇಳ್ತಿದ್ರು, ನಮ್ಮ ಹುಡುಗ ಚಿತ್ರ ಬರ್ದಿದಾನೆ, ನಾನು ಕೆಳಗಡೆ ಇದೀನಿ ಅಂತ." ಅಭಿಲಾಷನ ಕಿವಿ ಬಿಸಿಯಾಯಿತು. ನಮ್ಮ ಹುಡುಗ. ಪ್ಯಾಂಟ್ರಿಯಲ್ಲಿ, ಕಾಫಿ ಯಂತ್ರದ ಮುಂದೆ, ಸರದಿಯಲ್ಲಿ ನಿಂತವರೆದುರು. ಅವಳು ಹೋದ ಮೇಲೂ ಆ ಎರಡು ಪದ ಕುರ್ಚಿಯ ಹಿಂದೆ ನಿಂತೇ ಇದ್ದವು.

ಮನುಷ್ಯನೊಬ್ಬನನ್ನು ಬಿಟ್ಟ ಚಿತ್ರ ಸುಳ್ಳು ಚಿತ್ರ, ಎಂದು ಅವನು ತನಗೇ ಹೇಳಿಕೊಂಡ. ತಾನು ಮಾಡಿದ ತಪ್ಪನ್ನು ತಾನೇ ತಿದ್ದಬೇಕು, ಅದು ಕೆಲಸದ ಧರ್ಮ. ವಾಕ್ಯ ಸರಿಯಾಗಿತ್ತು. ಕಿತ್ತೆಸೆದ ಭಾಗವನ್ನು ಮತ್ತೆ ಸೇರಿಸುವ ಕೈಯೂ ಸರಿಯಾಗಿಯೇ ನಡೆಯಿತು. ಆದರೆ ಸೇರಿಸಿದರೆ ಏನು ಕಾಣುತ್ತದೆಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆರಳು ನಿಲ್ಲಲಿಲ್ಲ. ನಿಲ್ಲದ ಬೆರಳನ್ನು ನೋಡುತ್ತ, ಇದು ನ್ಯಾಯವೋ ಹಗೆಯೋ ಎಂದು ಬೇರೆಯವರ ವಿಷಯವೆಂಬಂತೆ ಯೋಚಿಸಿದ. ಗಂಟನ್ನು ಮೋಡಕ್ಕೆ ಕಳಿಸಿದ. ಚಿತ್ರ ಮತ್ತೆ ಮೂಡಿತು. ಬಲಗಡೆಯ ಕೆಳಮೂಲೆಯಲ್ಲಿ, ಎಲ್ಲ ಗೆರೆಗಳಿಂದಲೂ ದೂರ, ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ಉಳಿದವನಂತೆ ಒಂದು ಚೌಕ. ಒಳಗೆ, ಮುನಿಸ್ವಾಮಿ. ಬೆಳಿಗ್ಗೆ ಬಸ್ಸಿನಲ್ಲಿ ಆಡಿದ ಸುಳ್ಳು ಈಗ ನಿಜವಾಗಿತ್ತು, ಕೆಳಗೆಲ್ಲೋ ಇದ್ದಾನೆ.

ಒಂದು ಗೆರೆ ಸೇರಿಸುವುದು ಆ ಪ್ರೋಗ್ರಾಮಿನಲ್ಲಿ ಲೋಕದ ಅತಿ ಸುಲಭದ ಕೆಲಸ. ಎರಡು ಹೆಸರು ಬರೆದು ನಡುವೆ ಬಾಣ ಹಾಕಿದರೆ ಸಾಕು. ಅಭಿಲಾಷ ಬರೆದ. ಮುನಿಸ್ವಾಮಿ, ಬಾಣ, ಅಭಿಲಾಷ. ಬರೆದು ಗುಂಡಿ ಒತ್ತಿದ. ಮೂಲೆಯ ಚೌಕ ಇದ್ದಲ್ಲಿಂದ ಬಂದು ಗುಂಪಿನ ಬದಿಗೆ ಅಂಟಿಕೊಳ್ಳುತ್ತದೆಂದು ಅವನು ಎಣಿಸಿದ್ದ. ಹಾಗಾಗಲಿಲ್ಲ. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ನಿಯಮವನ್ನು ಅವನೇ ಬರೆದಿದ್ದನಷ್ಟೆ. ಇಡೀ ಚಿತ್ರ ಒಂದು ಮೆಟ್ಟಿಲು ಕುಸಿಯಿತು. ಮುನಿಸ್ವಾಮಿಯ ಚೌಕ ಎಲ್ಲರಿಗಿಂತ ಮೇಲೆ, ಒಂಟಿಯಾಗಿ ಹೋಗಿ ಕೂತಿತು. ಅದರಿಂದ ಒಂದೇ ಒಂದು ಗೆರೆ ಇಳಿದು ಅಭಿಲಾಷನ ನೆತ್ತಿಗೆ ಚುಚ್ಚಿತ್ತು. ಅಲ್ಲಿಂದ ಮುಂದಿನದೆಲ್ಲ ಮೊದಲಿನಂತೆಯೇ. ಹಿತ್ತಲ ನಲ್ಲಿಗೆ ಸಿಕ್ಕಿಸಿದ ಕೊಳವೆಯಂತೆ ಅವನು ನಡುವೆ ಕಂಡ. ನೀರು ಎಲ್ಲಿಂದ ಬರುತ್ತದೆಂದು ಇನ್ನು ಯಾರೂ ಕೇಳಬೇಕಿರಲಿಲ್ಲ. ಅವನು ಎಷ್ಟೋ ಹೊತ್ತು ಅದನ್ನೇ ನೋಡಿದ. ಚಿತ್ರ ಚೆನ್ನಾಗಿತ್ತು, ಯಾವ ಗೆರೆಯೂ ಇನ್ನೊಂದನ್ನು ಅಡ್ಡ ಹಾಯುತ್ತಿರಲಿಲ್ಲ, ಪ್ರೋಗ್ರಾಂ ಇಷ್ಟು ಸಮಾಧಾನದ ಚಿತ್ರವನ್ನು ಹಿಂದೆ ಬರೆದಿರಲಿಲ್ಲ. ಮೊದಲ ದಿನ ಹೋಟೆಲಿನಲ್ಲಿ ಎಲೆಯ ಮೇಲೆ ಬಿದ್ದ ಹಪ್ಪಳದ ಸದ್ದು ಕೇಳಿಸಿತು. ಅವನು ಆ ಸಾಲನ್ನು ಅಳಿಸಿದ. ಚೌಕ ಮೂಲೆಗೆ ಮರಳಿತು.

ಸಭೆಯ ಕೋಣೆ ಇಡೀ ಗಾಜು. ಒಳಗೆ ಕೂತವರನ್ನು ಹೊರಗಿನವರು ನೋಡಬಹುದು, ಕೇಳಲಾಗದು. ಮೊದಲು ಪರದೆಯ ಮೇಲೆ ದೂರದ ಕಚೇರಿಯ ದೊಡ್ಡ ಅಧಿಕಾರಿಯೊಬ್ಬರಿದ್ದರು, ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು; ಅವರು ಶುಭ ಕೋರಿ ಮಾಯವಾದ ಮೇಲೆ ಯಶ್ಮಿತಾ ಎದ್ದು ಬಾಗಿಲನ್ನು ಒತ್ತಿ ಮುಚ್ಚಿ, "ಇನ್ನು ನಮ್ಮ ಭಾಷೆಯಲ್ಲೇ ಮಾತಾಡುವ, ಬೇಗ ಮುಗೀತದೆ," ಎಂದಳು. ಭುಜಂಗ ಷೋಲಾಪುರದಲ್ಲಿ ಬೆಳೆದ ವಿಜಾಪುರದ ಮನುಷ್ಯ. ಮೆತ್ತನೆಯ ದನಿ, ಎದುರಿಗಿದ್ದ ಬಿಸ್ಕತ್ತನ್ನು ಮುರಿಯದೆ ಇಡಿಯಾಗಿ ಬಾಯಿಗಿಡುವವನು. ಚಿತ್ರವನ್ನು ಎಡದಿಂದ ಬಲಕ್ಕೆ ನೋಡುತ್ತ ಬಂದ.

"ಭಾಳ ಛಂದ ಮಾಡೀರಿ. ನಡುವ ನೀವ ಅದೀರಿ, ಅದೇನ ಕೇಳೂದ ಬ್ಯಾಡ. ಈ ತೃಪ್ತಿ ಅನ್ನೋರದು ಒಂದ ಸಣ್ಣ ಗೆರಿ, ಇರ್ಲಿ, ಹೊಸಬರು." ಅವನ ಪೆನ್ನು ಮೂಲೆಗೆ ಬಂದು ನಿಂತಿತು. "ಇವ್ರ ಯಾರ್ರೀ, ಒಬ್ರ ಹೊರಗ ನಿಂತಾರಲ್ಲ, ಜಗಳಾಡಿದ ಅಳಿಯಾನಂಗ?"

"ಓ, ಮುನಿಸ್ವಾಮಿಯವರು," ಎಂದಳು ಯಶ್ಮಿತಾ. "ಅವರು ನಂಗೆ ನೆನಪೇ ಆಗ್ಲಿಲ್ಲ ಮಾರಾಯ. ಮೊನ್ನೆ ನೀವು ಕಳಿಸಿದ್ರಲ್ಲಿ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ ಮೇಡಂ. ಒಂದು ಬಗ್ ಇತ್ತು. ಇವತ್ತು ಫಿಕ್ಸ್ ಮಾಡ್ದೆ."

"ಒಳ್ಳೇದಾಯ್ತು."

"ಅಲ್ರೀ, ಯಾರಿಗೂ ಒಂದ ಮಾತ ಬರದಿಲ್ಲ, ಯಾರೂ ಇವ್ರಿಗೆ ಬರದಿಲ್ಲ. ದಿವಸಾ ಏನ ಮಾಡ್ತಾರ ಮತ್ತ?" ಭುಜಂಗ ಪೆನ್ನನ್ನು ಮೇಜಿನ ಮೇಲಿಟ್ಟು ಅಭಿಲಾಷನ ಕಡೆ ತಿರುಗಿದ. ಮುಖದಲ್ಲಿ ಕೇಡಿರಲಿಲ್ಲ, ತಿಳಿಯುವ ಮನಸ್ಸಿತ್ತು. "ನಿಮ್ಮ ಬಾಜೂಕ ಕುಂತಿರೂದು ನಾ ಭಾಳ ಸಲ ನೋಡೀನಿ. ನಿಮಗ ಏನರೆ ಹೇಳಿಕೊಡ್ತಾರೇನು? ಹಂಗಿದ್ರ ಹೇಳ್ರಿ. ಗೆರಿ ಇಲ್ದಿದ್ರೂ ಅಡ್ಡಿ ಇಲ್ಲ, ನಿಮ್ಮ ಮಾತ ಸಾಕ ನಮಗ."

ಗಾಜಿನಾಚೆ, ಸಾಲು ಮೇಜುಗಳ ಕೊನೆಯಲ್ಲಿ, ಮುನಿಸ್ವಾಮಿ ಯಾರದೋ ಕುರ್ಚಿಯ ಬೆನ್ನಿಗೆ ಆತುಕೊಂಡು ಕೈಯಾಡಿಸುತ್ತ ಏನನ್ನೋ ವಿವರಿಸುತ್ತಿದ್ದ; ಬಾಯಿ ಆಡುವುದು ಕಾಣುತ್ತಿತ್ತು, ಮಾತಿರಲಿಲ್ಲ. ಅಭಿಲಾಷ ಯಶ್ಮಿತಾಳ ಕಡೆ ನೋಡಿದ. ಬರೀಬೇಡಿ ಎಂದವಳು ಅವಳು. ಒಂದು ಮಾತು ಅವಳೇ ಆಡಬಹುದಿತ್ತು. ಅವಳು ಉಗುರಿನ ಬಣ್ಣ ಎದ್ದ ಜಾಗವನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದಳು. ಹೌದು ಎಂದರೆ ಮುಂದಿನ ಪ್ರಶ್ನೆ, ಏನು ಹೇಳಿಕೊಡುತ್ತಾರೆ, ಅದಕ್ಕುತ್ತರ, ಎಲ್ಲವನ್ನೂ. ಆ ಪದ ಬಾಯಿಯ ಹೊಸ್ತಿಲವರೆಗೆ ಬಂದು ನಿಂತು, ಒಳಗಿನ ಕತ್ತಲೆಯೇ ವಾಸಿಯೆಂಬಂತೆ ಹಿಂದಿರುಗಿತು.

"ಟೀ ಕುಡಿಯಕ್ಕೆ ಒಟ್ಟಿಗೆ ಹೋಗ್ತೀವಿ ಸರ್," ಎಂದ.

"ಅಷ್ಟನ?"

"ಅಷ್ಟೆ."

"ಪಾಪ," ಎಂದು ಭುಜಂಗ ಮೂಲೆಯ ಚೌಕದ ಸುತ್ತ ಪೆನ್ನಿನಿಂದ ಗಾಳಿಯಲ್ಲೇ ಒಂದು ಸುತ್ತು ಹಾಕಿದ. ಆಮೇಲೆ ಎಡಗಡೆ ಇನ್ನೊಂದು ಚೌಕಕ್ಕೆ ಇನ್ನೊಂದು ಸುತ್ತು. ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ಮೂವರ ಬಾಯಲ್ಲಿ ಕನ್ನಡದಲ್ಲಿ ಆಗಿಹೋದ ಆ ತೀರ್ಮಾನ ಯಾವ ಚಿತ್ರದಲ್ಲಿಯೂ ಗೆರೆಯಾಗುವಂಥದ್ದಲ್ಲ ಎಂದು ಅಭಿಲಾಷನಿಗೆ ಹೊಳೆಯಿತು. ಹೊಳೆದದ್ದಕ್ಕೆ ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ಅಸಹ್ಯವೂ ಆಯಿತು. ಎರಡನ್ನೂ ಹೊತ್ತುಕೊಂಡು ಅವನು ಹೊರಗೆ ಬಂದ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಎರಡು ಚೌಕಗಳನ್ನು ತೆಗೆದು ಹೊಸ ಚಿತ್ರ ಕಳಿಸಲು ಯಶ್ಮಿತಾ ಹೇಳಿದ್ದಳು. ಅವನು ಹೆಸರುಗಳನ್ನು ತೆಗೆದು ಗಂಟನ್ನು ಮೋಡಕ್ಕೆ ಏರಿಸಿದ, ಏರಲಿಲ್ಲ. ಕೆಂಪು ಅಕ್ಷರದ ಒಂದು ಸಾಲು ಬಂದು ನಿಂತಿತು. ಮತ್ತೆ ಏರಿಸಿದ, ಮತ್ತೆ ಅದೇ ಸಾಲು. ಬೆಳಿಗ್ಗೆ ಮೋಡ ಒಪ್ಪಿಕೊಂಡದ್ದನ್ನು ಈಗ ಯಾಕೆ ಒಪ್ಪುತ್ತಿಲ್ಲವೆಂದು ತಿಳಿಯದೆ, ಕಿವಿ ತನಗೆ ತಾನೇ ಒಂದು ಸದ್ದಿಗಾಗಿ ಕಾಯುತ್ತಿದೆಯೆಂದು ಅರಿವಾಗುವಷ್ಟರಲ್ಲಿ ಆ ಸದ್ದು ಬಂದೇ ಬಂತು. ಗರಗರ. ಮುನಿಸ್ವಾಮಿ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತ. ಹೆಗಲಿಗೆ ಚೀಲವಿತ್ತು, ಚೀಲದಿಂದ ಅವನ ಮೇಜಿನ ಮೇಲಿರುತ್ತಿದ್ದ ಸ್ಟೀಲ್ ಲೋಟದ ಅಂಚು ಹಣಕುತ್ತಿತ್ತು.

"ಟೀ ಚೆನ್ನಾಗಿತ್ತಾ ಅಂತ ಕೇಳೋಣ ಅಂತ ಬಂದೆ," ಎಂದ.

ಅಭಿಲಾಷ ಪರದೆಯಿಂದ ಕಣ್ಣು ಕೀಳಲಿಲ್ಲ. ಭುಜಂಗ ಹೇಳಿದ್ದಾನೆ, ಮೆತ್ತನೆಯ ದನಿಯಲ್ಲಿ, ಕೇಡಿಲ್ಲದೆ, ಸಭೆಯಲ್ಲಿ ಆಡಿದ್ದನ್ನು ಆಡಿದಂತೆ ಹೇಳಿದ್ದಾನೆ. ಮುನಿಸ್ವಾಮಿಯೂ ಪರದೆಯನ್ನೇ ನೋಡುತ್ತಿದ್ದ. ಕೆಂಪು ಸಾಲನ್ನು ಓದಿದ. ಓದಿದ್ದು ಅವನ ಹುಬ್ಬಿನಲ್ಲಿ ಕಂಡಿತು. ಕಾರಣ ತಿಳಿದದ್ದೂ ಕಂಡಿತು, ಎಷ್ಟು ವರ್ಷಗಳಿಂದಲೋ ಕಂಡ ಹುಬ್ಬು ಅದು. ಬಲಗೈ ತಾನಾಗಿ ಎದ್ದು ಕೀಬೋರ್ಡಿನ ಕಡೆ ಬಂತು. ಅಭಿಲಾಷ, ತನಗೇ ತಿಳಿಯದಂತೆ, ಮೊಣಕೈ ಸರಿಸಿ ಜಾಗ ಮಾಡಿಕೊಟ್ಟ. ಕೈ ನಡುದಾರಿಯಲ್ಲಿ ನಿಂತಿತು. ಮುನಿಸ್ವಾಮಿ ಅದನ್ನು ಯಾರದೋ ಕೈಯೆಂಬಂತೆ ಒಂದು ಗಳಿಗೆ ನೋಡಿ, ತಿರುಗಿಸಿ, ಪ್ಯಾಂಟಿನ ಜೇಬಿನೊಳಕ್ಕೆ ಇಳಿಸಿದ.

ಮಾತಾಡಬೇಕಿತ್ತು. ಏನಾದರೂ. ಅಭಿಲಾಷನ ಬಾಯಿಂದ ಹೊರಟದ್ದು ಅವನೇ ನಿರೀಕ್ಷಿಸದ ಪ್ರಶ್ನೆ, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದೆ ಹೋದದ್ದು. "ಆ ಬೆಂಕಿ ಅಜ್ಜಿ ಕತೆ, ಮುನಿಯಣ್ಣ. ಅವಳನ್ನ ಊರು ಬಿಡಿಸಿದ ಮೇಲೆ ಏನಾಯ್ತು?"

"ಬಿಡಿಸಿದ್ರು ಅಂತ ನಾನು ಯಾವತ್ತೂ ಹೇಳೇ ಇಲ್ವಲ್ಲಪ್ಪ. ನಿಂಗೆ ಹೆಂಗೆ ಗೊತ್ತಾಯ್ತು?" ಎಂದ ಮುನಿಸ್ವಾಮಿ. ಕಡಲೆಕಾಯಿಯ ಪೊಟ್ಟಣವನ್ನು ಚೀಲದಿಂದ ತೆಗೆದು, ನೋಡಿ, ಮತ್ತೆ ಒಳಗಿಟ್ಟ. "ಏನಾಗುತ್ತೆ? ಊರೋರೆಲ್ಲ ಹಸಿದು ಸತ್ರು, ಆಮೇಲೆ ಬಂದು ಅಜ್ಜಿ ಕಾಲಿಗೆ ಬಿದ್ರು ಅಂತ ಅನ್ಕೊಂಡ್ಯಾ? ಒಂದೆರಡು ದಿನ ತಣ್ಣಗಿರೋದು ತಿಂದ್ರು. ಯಾರೂ ಸಾಯ್ಲಿಲ್ಲ. ಬೆಂಕಿಪೊಟ್ಣ ಬಂತು."

ಎದ್ದ. ಕುರ್ಚಿಯನ್ನು ಅದರ ಜಾಗಕ್ಕೆ ಹಿಂದಿರುಗಿಸಲಿಲ್ಲ. ಮೇಜುಗಳ ನಡುವಿನ ಹಾದಿಯಲ್ಲಿ ಅವನ ಬೆನ್ನು ಸಣ್ಣದಾಗುತ್ತ ಹೋಯಿತು; ಗಾಜಿನ ಬಾಗಿಲ ಬಳಿ ಅವನು ಕಾರ್ಡು ಒತ್ತಿದ, ಬಾಗಿಲು ತೆರೆಯಲಿಲ್ಲ, ಮತ್ತೊಮ್ಮೆ ಒತ್ತಿದ, ಕಾವಲಿನವನು ಬಂದು ತನ್ನ ಕಾರ್ಡಿನಿಂದ ತೆರೆದು ಹೊರಗೆ ಬಿಟ್ಟ. ಪರದೆಯ ಮೇಲೆ ಕೆಂಪು ಸಾಲು ಹಾಗೆಯೇ ಇತ್ತು. ಅಭಿಲಾಷ ಅದನ್ನು ಓದಿದ. ಎಲ್ಲ ಪದಗಳೂ ಗೊತ್ತಿದ್ದವೇ.

ಪಕ್ಕದಲ್ಲಿ ಯಾರೋ ನಿಂತರು. ತೃಪ್ತಿ. ಅವಳ ಮುಖ ಬೆಳಗಿನದಕ್ಕಿಂತ ಸಡಿಲವಾಗಿತ್ತು. ಉಳಿದವರ ಮುಖಗಳೆಲ್ಲ ಈಗ ಹಾಗಿದ್ದವು. ಸುತ್ತ ಜನವಿದ್ದುದರಿಂದ ಮರಾಠಿಯಲ್ಲಿ, ಕುರ್ಚಿಯ ಬೆನ್ನಿನ ಮೇಲೆ ಆಗಲೇ ಕೈಯಿಟ್ಟು ಕೇಳಿದಳು: "ಹೀ ಖುರ್ಚೀ ಲಾಗಣಾರ್ ಆಹೆ ಕಾ ತುಲಾ?"

ನಿನಗೆ ಬೇಕೇ ಇದು, ಎಂದು ಅವಳು ಕೇಳುತ್ತಿದ್ದಳು.

"ನಾಹೀ," ಎಂದ ಅಭಿಲಾಷ.